ಕೋಟಿ ಹೋರಿ

ಬ್ರಹ್ಮಸಮುದ್ರದ ಹುಣಸೆಮರದಡಿ ಮಾವ ಹಗ್ಗ ಹೊಸೆಯುತ್ತಿದ್ದ. 2021ರ ನವೆಂಬರ್. ಬೆಂಗಳೂರಿನ ಜಿಕೆವಿಕೆ ಕೃಷಿಮೇಳ ನೋಡಿ ಬಂದ ಅಳಿಯ ಬಸ್ಸಿನಿಂದ ಇಳಿದವನೇ ಶುರು ಹಚ್ಚಿಕೊಂಡ.

“ಮಾವಾ, ಹಳ್ಳಿಕಾರ್ ಹೋರಿ ಒಂದು ಬಂದಿತ್ತು. ಹೆಸರು ಕೃಷ್ಣ. ಬೆಲೆ ಒಂದು ಕೋಟಿ!”

“ಕೊಂಡೋರು ಯಾರು?”

“ಕೊಂಡೋರು ಕಾಣಲಿಲ್ಲ. ಸೆಲ್ಫಿ ತಕ್ಕೊಳ್ಳೋರ್ದೇ ನೂಕುನುಗ್ಗಲು.”

“ಹೊಲ ಹೂಡುತ್ತೇನು?”

“ಅಯ್ಯೋ, ಅದಕ್ಯಾಕೆ ನೇಗಿಲು? ವೀರ್ಯದ ಒಂದು ಕಡ್ಡಿಗೆ ಸಾವಿರ ರೂಪಾಯಿ ಅಂತೆ!”

ಮಾವನ ಕೈ ಹಗ್ಗದ ಮೇಲೇ ನಿಂತಿತು. (ಸಾವಿರಕ್ಕೆ ಎಷ್ಟು ಸೊನ್ನೆ ಎಂಬ ಲೆಕ್ಕ ನಮ್ಮ ಕಡೆ ಸಾಲದ ಚೀಟಿಯಲ್ಲೇ ಕಲಿಯುವುದು.) ಗೊಂತಿನ ಕಡೆ ನೋಡಿದ. ನೊಗ ಉಜ್ಜಿ ಹೆಗಲು ಕರ್ರಗಾದ ಎತ್ತು ಶೇಂಗಾ ಹೊಟ್ಟು ಮೇಯುತ್ತಿತ್ತು.

“ಹಂಗಾರೆ ನಮ್ಮದನ್ನೂ ಮುಂದಿನ ಸಲ ಕರ್ಕೊಂಡು ಹೋಗಾಣ. ಕೊಂಬಿಗೆ ಎಣ್ಣೆ, ಕೊರಳಿಗೆ ಗೆಜ್ಜೆ. ಹೆಸರು ಬಲರಾಮ ಅಂತಿಡಾಣ.”

“ಮಾವಾ, ಅದಕ್ಕೆ ಬೀಜ ಒಡೆಸಿ ಎಂಟು ವರ್ಷ ಆತು.”

“ಒಡೆಸಿದೋನು ಯಾರು?”

“ನೀನೇ. ಕೂಲಿಗೆ ಚೌಕಾಸಿ ಬೇರೆ ಮಾಡಿದ್ದೆ.”

ಎತ್ತು ತಲೆಯೆತ್ತಿ ಮಾವನನ್ನೇ ನೋಡಿತು. ಮಾವ ಹಗ್ಗ ಹೊಸೆಯಲು ಕೂತ.