ಅಮಿತವೇಗಪ್ಪನವರು

ಬೀದರ ಪಟ್ಟಣವು ಕುಳಿತಿರುವ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯಿಂದ ಇಳಿದು, ಔರಾದಿನ ದಾರಿ ಹಿಡಿದು, ಎರೆಹೊಲಗಳ ನಡುವೆ ಬಡಗಣಕ್ಕೆ ಸಾಗುವವನಿಗೆ, ಬಹುದೂರ ಹೋಗುವ ಮೊದಲೇ ಜನವಾಡವೆಂಬ ಊರು ಎದುರಾಗುತ್ತದೆ. ಎದುರಾಗುತ್ತದೆ ಎಂಬುದಕ್ಕಿಂತ, ರಸ್ತೆಗೆ ಅಡ್ಡಲಾಗಿ ಎದ್ದು ನಿಂತ ಉಬ್ಬೊಂದು ಪ್ರಯಾಣಿಕನ ತಲೆಯನ್ನು ವಾಹನದ ಮಾಡಿಗೆ ತಾಗಿಸಿ ಊರು ಬಂದಿತೆಂದು ನಿವೇದಿಸುತ್ತದೆ ಎಂದರೆ ಯಥಾರ್ಥಕ್ಕೆ ಹತ್ತಿರವಾದೀತು. ನಾನು ವರ್ಣಿಸಹೊರಟಿರುವ ಮಹನೀಯರು ಈ ಉಬ್ಬಿನ ಈಚೆಗೆ ವಾಸವಾಗಿದ್ದಾರೆ. ಇಂಥವರು ಭಾಲ್ಕಿಯಲ್ಲೂ ಉಂಟು, ಔರಾದಿನಲ್ಲೂ ಉಂಟು, ಬೀದರದ ಓಣಿಗೊಬ್ಬರಂತೆ ಉಂಟೆಂದರೂ ಅತಿಶಯೋಕ್ತಿಯಾಗದು. ಆದುದರಿಂದ ಯಾರೂ ತಮ್ಮ ನೆರೆಯವರನ್ನು ಇಲ್ಲಿ ಗುರುತಿಸಿ ನನ್ನ ಮೇಲೆ ಜಗಳಕ್ಕೆ ಬರಬಾರದೆಂದು, ಯಾವ ಮತದಾರರ ಪಟ್ಟಿಯಲ್ಲಿಯೂ ದೊರೆಯದ ಅಮಿತವೇಗಪ್ಪನವರೆಂಬ ನಾಮಧೇಯವನ್ನು ಅವರಿಗೆ ನಾನೇ ಕೊಟ್ಟಿದ್ದೇನೆ.

ವಯಸ್ಸು ನಲವತ್ತರ ಆಚೆ, ಶರೀರ ಸ್ಥೂಲ, ನಡಿಗೆ ಮಂದ, ಭೋಜನ ಸುದೀರ್ಘ. ಬ್ಯಾಂಕಿನ ಕಾಗದಕ್ಕೆ ಒಂದು ಸಹಿ ಹಾಕಬೇಕಾದರೂ ಕನ್ನಡಕ ಹುಡುಕಿ, ಲೇಖನಿಯನ್ನು ಒದರಿ, ಕುಲದೇವರನ್ನು ನೆನೆದು ಕಾಲು ಗಂಟೆ ಕಳೆಯತಕ್ಕವರು. ಇಷ್ಟು ಸಾವಧಾನದ ಜೀವನಕ್ಕೆ, ಎರಡು ವರ್ಷದ ಸೋಯಾ ಮತ್ತು ತೊಗರಿ ಒಳ್ಳೆಯ ದರಕ್ಕೆ ಹೋದ ಪರಿಣಾಮವಾಗಿ, ಹೈದರಾಬಾದಿನಿಂದ ಒಂದು ಜರ್ಮನ್ ಸ್ಪೋರ್ಟ್ಸ್ ಕಾರು ಬಂದು ಸೇರಿತು. ಹಳೆಯದೇ, ಎರಡನೆಯ ಕೈಯದೇ, ಆದರೂ ಕೆಂಪು. ನೆಲಕ್ಕೂ ಅದರ ಹೊಟ್ಟೆಗೂ ನಡುವೆ ಒಂದು ಗೇಣಿನ ಅಂತರವೂ ಇಲ್ಲ. ಅದಕ್ಕೆ ಬೀದರದ 38ನೆಯ ಸಂಖ್ಯೆಯ ಫಲಕ ಅಂಟಿದ ದಿನ ಊರಿನವರು ತೆಂಗಿನಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸಬೇಕೆಂದಾಗ, ನಿಂಬೆಹಣ್ಣು ಮುಂಭಾಗದ ಕೆಳಗೆ ತೂರದೆ ಹೋಗಿ ಪಕ್ಕದಿಂದ ಇಡಬೇಕಾಯಿತೆಂದು ಕೇಳಿದ್ದೇನೆ.

ಕಾರು ಬಂದ ಮೂರನೆಯ ತಿಂಗಳಿನಲ್ಲಿ ಅಮಿತವೇಗಪ್ಪನವರ ನಿದ್ರೆ ಕೆಟ್ಟಿತು. ತಮ್ಮ ವಾಹನವು ಗಂಟೆಗೆ 250 ಕಿಲೋಮೀಟರಿಗೆ ಮುಟ್ಟಿದ ಕೂಡಲೆ ಇನ್ನು ಮುಂದೆ ಹೋಗಲಾರೆನೆಂದು ತಾನಾಗಿಯೇ ತಡೆದುಕೊಳ್ಳುವಂತೆ ಕಾರ್ಖಾನೆಯವರೇ ಕಟ್ಟು ಹಾಕಿ ಕಳಿಸಿದ್ದಾರೆಂಬ ಸಂಗತಿ ಅವರ ಕಿವಿಗೆ ಬಿದ್ದಿತು. ಈ ಕಟ್ಟಿನ ಚರಿತ್ರೆ ಸ್ವಾರಸ್ಯವಾದುದು. ಜರ್ಮನಿಯ ಹೆದ್ದಾರಿಗಳಲ್ಲಿ ಅನೇಕ ಕಡೆ ವೇಗಕ್ಕೆ ಮಿತಿಯೇ ಇಲ್ಲದಿರಲಾಗಿ, ಸರ್ಕಾರವು ಶಾಸನ ತಂದೀತೆಂಬ ಭಯದಿಂದಲೋ ಲೋಕಾಪವಾದದ ಅಂಜಿಕೆಯಿಂದಲೋ, 1980ರ ದಶಕದ ಕೊನೆಯ ಸುಮಾರಿಗೆ ಅಲ್ಲಿಯ ದೊಡ್ಡ ತಯಾರಕರು ಸಜ್ಜನರ ಒಪ್ಪಂದವೊಂದನ್ನು ಮಾಡಿಕೊಂಡು 250ಕ್ಕೆ ಗೆರೆ ಎಳೆದರು. ಜಪಾನಿನವರು ಇನ್ನೂ ಸಂಕೋಚದವರಾದುದರಿಂದ 180ಕ್ಕೇ ನಿಲ್ಲಿಸಿದರು. 2007ರಲ್ಲಿ ಬಂದ ನಿಸ್ಸಾನ್ ಜಿಟಿ-ಆರ್ ಎಂಬ ಕಾರಂತೂ ಉಪಗ್ರಹದ ನೆರವಿನಿಂದ ತಾನು ನಿಂತಿರುವ ಠಾವನ್ನು ಅರಿತು, ಗೊತ್ತಾದ ಪಂದ್ಯದ ಅಂಗಳದೊಳಗಿದ್ದರೆ ಮಾತ್ರ ಆ ಕಟ್ಟನ್ನು ಸಡಿಲಿಸಲು ಬಿಡುತ್ತಿತ್ತು. ಆ ಉಪಗ್ರಹಕ್ಕೆ ಜನವಾಡದ ಪರಿಚಯವಿದ್ದಿದ್ದರೆ ಅದು ಎಲ್ಲಿಗೆ ಗೆರೆ ಎಳೆಯುತ್ತಿತ್ತೆಂಬುದನ್ನು ಓದುಗರ ಊಹೆಗೆ ಬಿಡುತ್ತೇನೆ.

“ನಮ್ಮ ರೊಕ್ಕ, ನಮ್ಮ ಗಾಡಿ, ನಡುವ ಇವರದೇನು ಲಿಮಿಟ್ರಿ?” ಎಂದು ಅಮಿತವೇಗಪ್ಪನವರು ಕೆರಳಿದರು. ಅಂದಿನವರೆಗೆ ಅವರು ಆ ಕಾರನ್ನು 70ರ ಮೇಲೆ ಓಡಿಸಿದ್ದನ್ನು ಕಂಡವರಿರಲಿಲ್ಲ. ಆದರೆ ಹಕ್ಕಿನ ಪ್ರಶ್ನೆ ಬೇರೆ, ಉಪಯೋಗದ ಪ್ರಶ್ನೆ ಬೇರೆ.

ಶಸ್ತ್ರಚಿಕಿತ್ಸೆಗಾಗಿ ಹೈದರಾಬಾದಿಗೆ ಪ್ರಯಾಣವಾಯಿತು. ಸಾಕ್ಷಿಯಾಗಿ ನನ್ನನ್ನೂ ಕರೆದೊಯ್ದರು. ಎಂಜಿನ್ನನ್ನು ಬಿಚ್ಚಿ, ಒಳಗಿನಿಂದ ಮುಷ್ಟಿಯಷ್ಟು ದೊಡ್ಡ ಲೋಹದ ಪದಾರ್ಥವನ್ನು, ಹುಳುಕುಹಲ್ಲನ್ನು ಕಿತ್ತಂತೆ ಇಕ್ಕಳದಿಂದ ಹೊರತೆಗೆಯುವರೆಂದು ಅವರು ನಿರೀಕ್ಷಿಸಿದ್ದರು. ಆದರೆ ಇಪ್ಪತ್ತೈದರ ಒಳಗಿನ ಹುಡುಗನೊಬ್ಬನು ಬಂದು, ಚಾಲಕನ ಮೊಣಕಾಲಿನ ಹತ್ತಿರವಿರುವ ರಂಧ್ರಕ್ಕೆ ತಂತಿಯೊಂದನ್ನು ಚುಚ್ಚಿ, ಲ್ಯಾಪ್‌ಟಾಪಿನ ಮೇಲೆ ಬೆರಳಾಡಿಸಿ, ನಮಗೆ ತರಿಸಿದ ಇರಾನಿ ಚಹಾ ಆರುವುದರೊಳಗೆ ಆಯಿತೆಂದು ಎದ್ದುಬಿಟ್ಟನು. ಈ ಕಾಲದ ಕಾರಿನಲ್ಲಿ ಮಿತಿಯೆಂಬುದು ವಸ್ತುವಲ್ಲ, ವಾಕ್ಯ: ಎಂಜಿನ್ನನ್ನು ಆಳುವ ಪುಟ್ಟ ಗಣಕವು ಗಾಲಿಗಳ ವೇಗವನ್ನು ಎಣಿಸುತ್ತಿದ್ದು, ಗೊತ್ತಾದ ಅಂಕಿ ಬಂದೊಡನೆ ಗಾಳಿಯನ್ನೋ ಇಂಧನವನ್ನೋ ಕಡಿಮೆ ಮಾಡುತ್ತದೆ, ಆ ಅಂಕಿಯನ್ನು ಅಳಿಸಿದರೆ ಮುಗಿಯಿತು. ಇದನ್ನೆಲ್ಲ ಹುಡುಗನು ವಿವರಿಸಿದನಾದರೂ ಅಮಿತವೇಗಪ್ಪನವರು ಒಪ್ಪದೆ, “ತೆಗೆದದ್ದು ಎಲ್ಲದ? ನಮಗ ಕೊಡು, ಊರಿಗಿ ಒಯ್ತೀವಿ” ಎಂದು ಪಟ್ಟುಹಿಡಿದರು. ಇಷ್ಟೊಂದು ಹಣ ಕೊಟ್ಟು ಬರಿಗೈಯಲ್ಲಿ ಹೋಗುವುದು ಅವರಿಗೆ ಅಪಮಾನವೆನಿಸಿತು. ಕಡೆಗೆ ಆ ಹುಡುಗನು ಯಾವುದೋ ಹಳೆಯ ವಾಹನದ ತುಕ್ಕು ಹಿಡಿದ ಚಿಲಕವೊಂದನ್ನು ಕಾಗದದಲ್ಲಿ ಸುತ್ತಿಕೊಟ್ಟು ನಮ್ಮನ್ನು ಬೀಳ್ಕೊಟ್ಟನು. ಅದು ಇಂದಿಗೂ ಅವರ ಗಾಜಿನ ಕಪಾಟಿನಲ್ಲಿದೆ.

ಊರಿನಲ್ಲಿ ಈ ವಾರ್ತೆ ಬೇರೊಂದು ರೂಪದಿಂದ ಹಬ್ಬಿತು. ವೇಗದ ಕಟ್ಟಿಗೆ ನಮ್ಮ ಕಡೆಯ ಚಾಲಕರು ‘ಗವರ್ನರ್’ ಎನ್ನುವುದು ವಾಡಿಕೆ. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ತಿರುಗುವ ಎರಡು ಗುಂಡುಗಳನ್ನು ತೂಗಿಸಿ ಅದರ ಓಟವನ್ನು ಹದದಲ್ಲಿಟ್ಟಂದಿನಿಂದ ನಡೆದುಬಂದ ಹೆಸರು ಅದು. ಚಹಾದಂಗಡಿಯಲ್ಲಿ ಅಮಿತವೇಗಪ್ಪನವರು ಮೀಸೆ ತಿರುವುತ್ತ “ಗವರ್ನರ್ ತೆಗೆಸಿ ಬಂದೆ” ಎಂದಾಗ, ಪತ್ರಿಕೆಯನ್ನು ಮೊದಲಿಂದ ಕೊನೆಯವರೆಗೆ ಓದುವ ಅಭ್ಯಾಸವುಳ್ಳ ಮುದುಕರೊಬ್ಬರು ತಲೆಯೆತ್ತಿ, “ಗವರ್ನರಿಗಿ ತೆಗಿಲಾಕ ದಿಲ್ಲಿದವರೇ ಬೇಕಲ್ಲಪಾ, ಹೈದ್ರಾಬಾದ್ದಾಗ ಹ್ಯಾಂಗ ತೆಗದರು?” ಎಂದು ಸಂವಿಧಾನದ ಸಂದೇಹವನ್ನೆತ್ತಿದರು.

ಆ ಅಂಗಡಿಯ ಮುಂದೆಯೇ ಬೀದರಕ್ಕೂ ಔರಾದಿಗೂ ಜನವನ್ನು ತುಂಬಿಕೊಂಡು ಹೋಗುವ ಕ್ರೂಸರ್ ನಿಲ್ಲುತ್ತದೆ. ಬಾಡಿಗೆಯ ವಾಹನಗಳು 80ನ್ನು ಮೀರದಂತೆ ಕಟ್ಟು ಹಾಕಿಸಬೇಕೆಂದು ಕೇಂದ್ರ ಸರ್ಕಾರವು 2015ರಲ್ಲಿ ನಿಯಮ ಬಿಗಿಮಾಡಿತಷ್ಟೆ. ಕ್ರೂಸರಿನ ಚಾಲಕನು ತನ್ನ ಗವರ್ನರಿನ ತಂತಿಯನ್ನು ಹಲ್ಲಿನಿಂದಲೇ ಕಡಿದವನೆಂದೂ, ಫಿಟ್‌ನೆಸ್ ಪರೀಕ್ಷೆಯ ದಿನ ಮಾತ್ರ ಅದಕ್ಕೆ ಗಂಟು ಹಾಕುವವನೆಂದೂ ಪ್ರತೀತಿ. ಅವನನ್ನು ಕಂಡರೆ ಅಮಿತವೇಗಪ್ಪನವರಿಗೆ ಎಲ್ಲಿಲ್ಲದ ಧರ್ಮಕ್ರೋಧ. “ಜನರ ಜೀವದ ಜೋಡಿ ಆಟ ಆಡ್ತಾನ್ರಿ, ಇಂಥವರಿಗಿ ಜೈಲಿಗಿ ಹಾಕಬೇಕು” ಎನ್ನುತ್ತಾರೆ. ಕಾರಿನ ಮೂಲಸ್ವರೂಪವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿ ಅವರಿಗೂ ನಿಷೇಧಿಸುತ್ತದೆಂದೂ, ತಪ್ಪಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆಯೋ, ಮಾರ್ಪಾಡೊಂದಕ್ಕೆ 5000 ರೂಪಾಯಿಯ ದಂಡವೋ ಉಂಟೆಂದೂ ನಾನು ಮೆಲ್ಲಗೆ ಅರಿಕೆ ಮಾಡಿಕೊಂಡೆ. ಅದು ಹೊಟ್ಟೆಪಾಡಿಗೆ ಮಾಡಿದವರಿಗೆ, ಶೋಕಿಗೆ ಮಾಡಿದವರಿಗಲ್ಲವೆಂದು ಅವರು ವ್ಯಾಖ್ಯಾನಿಸಿದರು.

ಟೈರುಗಳ ಮಾತನ್ನೂ ಎತ್ತಿ ನೋಡಿದೆ. ಪ್ರತಿಯೊಂದು ಟೈರಿನ ಪಕ್ಕದಲ್ಲಿ ಅದು ತಾಳಬಲ್ಲ ವೇಗದ ಅಕ್ಷರವಿರುತ್ತದೆ; ‘ಎಚ್’ ಎಂದರೆ 210, ‘ವಿ’ ಎಂದರೆ 240, ‘ಡಬ್ಲ್ಯು’ ಎಂದರೆ 270. ಅಗ್ಗವೆಂದು ಅವರು ಹಾಕಿಸಿದ್ದು ‘ಎಚ್’. ಅಂದರೆ ಕಾರ್ಖಾನೆಯ ಗೆರೆಗಿಂತ 40 ಕೆಳಗೆ ಮತ್ತೊಂದು ಗೆರೆಯನ್ನು ಅವರೇ ರೊಕ್ಕ ಕೊಟ್ಟು ಕೊಂಡಿದ್ದರು. ಮೇಲಾಗಿ ವೇಗ ಇಮ್ಮಡಿಯಾದರೆ ಗಾಳಿಯನ್ನು ಸೀಳುವುದಕ್ಕೆ ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಅಂಕಿ ಅಳಿಸಿದ ಮಾತ್ರಕ್ಕೆ ಎಂಜಿನ್ನಿಗೆ ಒಂದು ಕುದುರೆಯ ಬಲವೂ ಕೂಡಿಬರುವುದಿಲ್ಲ. ಇದಕ್ಕೆ ಉತ್ತರ ಕೊಡದೆ ಅವರು ಆಕಾಶದ ಕಡೆ ಬೆರಳು ತೋರಿಸಿದರು. ಬೀದರದ ವಾಯುನೆಲೆಯಿಂದೆದ್ದ ಸೂರ್ಯಕಿರಣ ತಂಡದ ಹಾಕ್ ವಿಮಾನಗಳು, ಗಂಟೆಗೆ 1000 ಕಿಲೋಮೀಟರಿನ ಸಮೀಪಕ್ಕೆ ಹೋಗಬಲ್ಲಂಥವು, ಗುಂಪುಗಟ್ಟಿ ಹಾಯುತ್ತಿದ್ದವು. ಇಂಥ ಆಕಾಶದ ಕೆಳಗೆ ದಿನವೂ ತಲೆಯೆತ್ತಿ ನಿಲ್ಲುವ ಮನುಷ್ಯನಿಗೆ 250 ಎಂಬುದು ಅಲ್ಪವಾಗಿ ತೋರಿದರೆ ತಪ್ಪು ಪೂರಾ ಅವನದಲ್ಲವೆಂದು ಆ ಕ್ಷಣ ನನಗೂ ಅನ್ನಿಸಿತು.

ವೇಗದ ವಾಹನವನ್ನು ದೂರದಿಂದ ತರುವ ಹಂಬಲ ಬೀದರದ ಮಣ್ಣಿಗೆ ಹೊಸದೂ ಅಲ್ಲ. ಬಹಮನಿ ಸುಲ್ತಾನರು ಸಮುದ್ರದಾಚೆಯ ಕುದುರೆಗಳಿಗೆ ಪ್ರಾಣ ಬಿಡುತ್ತಿದ್ದ ಕಾಲದಲ್ಲಿ, 15ನೆಯ ಶತಮಾನದ ಉತ್ತರಾರ್ಧದಲ್ಲಿ, ರಷ್ಯಾ ದೇಶದ ಅಫನಾಸಿ ನಿಕಿತಿನ್ ಎಂಬ ವರ್ತಕನು ಹಡಗಿನಲ್ಲಿ ಒಂದೇ ಒಂದು ಕುದುರೆಯನ್ನು ತಂದು, ಅದನ್ನು ಜುನ್ನಾರಿನ ಅಧಿಪತಿಗೆ ಕಳೆದುಕೊಂಡು, ಬಹು ಕಷ್ಟದಿಂದ ಮರಳಿ ಪಡೆದು, ಕಡೆಗೆ ನಮ್ಮ ಬೀದರದಲ್ಲಿ ಮಾರಿದನು. ಅದನ್ನು ಕೊಂಡ ಸರದಾರನೂ ಚೌಬಾರದ ಗೋಪುರದ ಸುತ್ತಿನ ಗಲ್ಲಿಗಳಲ್ಲಿ ಅದನ್ನು ಹೆಜ್ಜೆಹೆಜ್ಜೆಯಾಗಿಯೇ ನಡೆಸಿ, ಮಂದಿ ನೋಡಿದರೋ ಇಲ್ಲವೋ ಎಂದು ಅತ್ತಿತ್ತ ಕಣ್ಣಾಡಿಸಿರಬೇಕು. ಆದರೆ ಕುದುರೆಗೆ ಕಡಿವಾಣ ಬೇಡವೆಂದು ಅವನು ಕಿತ್ತೆಸೆದಿರಲಾರನು.

ಶಸ್ತ್ರಚಿಕಿತ್ಸೆಯ ಮರುವಾರ ಔರಾದಿಗೆ ಲಗ್ನಕ್ಕೆ ಹೋಗುವ ನೆವದಲ್ಲಿ ಅಮಿತವೇಗಪ್ಪನವರು ನನ್ನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಹೊರಟರು. ಸುಗ್ಗಿಯ ದಿನಗಳು, ಡಾಂಬರಿನ ಅರ್ಧ ಭಾಗದ ಮೇಲೆ ಸೋಯಾ ಒಣಗುತ್ತಿತ್ತು, ಉಳಿದರ್ಧದಲ್ಲಿ ಎರಡು ಟ್ರೇಲರುಗಳ ಕಬ್ಬಿನ ಟ್ರ್ಯಾಕ್ಟರ್ ಮಹಾರಥದಂತೆ ಸಾಗುತ್ತಿತ್ತು. ಅದರ ಹಿಂದೆ ನಾವು, ಮಿತಿಯೇ ಇಲ್ಲದವರು, ಗಂಟೆಗೆ 18ರಂತೆ ಹೋದೆವು. ಎಂಜಿನ್ ಮಾತ್ರ ಪಂಜರದ ಹುಲಿಯಂತೆ ಗರ್ಜಿಸುತ್ತಿತ್ತು. ಕಬ್ಬಿನ ಮೇಲೆ ಕುಳಿತಿದ್ದ ಬಾಲಕನೊಬ್ಬನು ಜಲ್ಲೆ ಸಿಗಿಯುತ್ತ ನಮ್ಮನ್ನು ಕನಿಕರದಿಂದ ನೋಡುತ್ತಿದ್ದನು.

ಆಮೇಲೆ ಊರಿನ ಉಬ್ಬು ಬಂದಿತು. ಕಾರನ್ನು ಓರೆಯಾಗಿ ತಿರುಗಿಸಿ, ಒಂದೊಂದೇ ಗಾಲಿಯನ್ನು ಗರ್ಭಿಣಿಯನ್ನು ಮೆಟ್ಟಿಲು ಹತ್ತಿಸುವಂತೆ ಹತ್ತಿಸಬೇಕಾದುದು ಕ್ರಮ. ಭಾರ ಕಡಿಮೆಯಾಗಲೆಂದು ನಾನು ಇಳಿದೆನು. ಅಷ್ಟಾದರೂ ಹೊಟ್ಟೆ ಕರಕರನೆ ಉಜ್ಜಿದ್ದರಿಂದ ಅಮಿತವೇಗಪ್ಪನವರು ಹೌಹಾರಿ ಅಲ್ಲಿಯೇ ನಿಲ್ಲಿಸಿ, ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಕುಳಿತುಬಿಟ್ಟರು. ಹಿಂದಿನಿಂದ ಅದೇ ಕ್ರೂಸರ್ ಬಂದಿತು. ಅದರ ಚಾಲಕನು ಕತ್ತು ಹೊರಚಾಚಿ ನೋಡಿ, “ಸಾವುಕಾರ್ರ ಗಾಡಿ ಬಂದ್ ಬಿದ್ದದ, ಇಳೀರಿ ಎಲ್ಲರೂ!” ಎಂದು ಕೂಗಿದನು. ಒಳಗಿನಿಂದಲೂ ಮೇಲಿನಿಂದಲೂ ಹದಿನೈದು ಜನ ಇಳಿದರು; ಬುತ್ತಿಯ ಗಂಟನ್ನು ನನ್ನ ಕೈಗೆ ಕೊಟ್ಟು ಒಬ್ಬ ಅಜ್ಜಿಯೂ ಸೆರಗು ಬಿಗಿದಳು. “ಚಾಲೂ ಅದರಿ, ಚಾಲೂ ಅದ!” ಎಂದು ಅಮಿತವೇಗಪ್ಪನವರು ಕಿಟಕಿಯಿಂದ ಕೈಬೀಸಿದ್ದು ಅವರದೇ ಎಂಜಿನ್ನಿನ ಗರ್ಜನೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಹದಿನಾರು ಜನರ ಕೈಯಲ್ಲಿ ಕೆಂಪು ಕಾರು ಅರೆಪಾಲು ನೆಲದಿಂದೆದ್ದು, ಅರೆಪಾಲು ಉರುಳಿ, ಉಬ್ಬನ್ನು ದಾಟಿ ಆಚೆಗೆ ಇಳಿಯಿತು. ಚಾಲಕನು ಕೈಯ ಧೂಳು ಕೊಡವಿಕೊಂಡು ಕಿಟಕಿಯ ಬಳಿಗೆ ಬಗ್ಗಿ, “ಈಗ ಬಿಡ್ರಿ ಸಾವುಕಾರ್ರೆ, ಔರಾದ್ ತನಕ ಲಿಮಿಟ್ ಇಲ್ಲ” ಎಂದು, ತನ್ನ ಮಂದಿಯನ್ನು ಹತ್ತಿಸಿಕೊಂಡು, ನಮ್ಮನ್ನು ದಾಟಿ ಹೊರಟುಹೋದನು. ಅಜ್ಜಿಯ ಬುತ್ತಿ ನನ್ನ ಕೈಯಲ್ಲಿಯೇ ಉಳಿದುಹೋಗಿತ್ತು. ಅದನ್ನು ಮುಟ್ಟಿಸಬೇಕೆಂದು ನಾವು ಔರಾದಿನವರೆಗೂ ಆ ಕ್ರೂಸರನ್ನು ಬೆನ್ನಟ್ಟಿದೆವು, ಸಿಕ್ಕಲಿಲ್ಲ.