ಎರಡು ರೆಕ್ಕೆ ಕಮ್ಮಿ ಬಿದ್ದ ಮಹಲು

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಕೆಡಲ್‌ಸ್ಟನ್ ಹಾಲ್, ಲಾರ್ಡ್ ಕರ್ಜನ್ ಹುಟ್ಟಿದ ಮನೆ. ಆ ಮಹಲನ್ನೇ ಮಾತಾಡಿಸಿದೆ. ಅದಕ್ಕೆ ಮಾತು ಜಾಸ್ತಿ, ಗತ್ತು ಅದಕ್ಕಿಂತ ಜಾಸ್ತಿ. ಕೂರಲು ಕುರ್ಚಿ ಕೊಡಲಿಲ್ಲ. ಕುರ್ಚಿಗಳೆಲ್ಲ ಹಗ್ಗದಾಚೆ ಇದ್ದವು.

ತಮ್ಮ ವಯಸ್ಸು?

ಮನೆತನ ಈ ನೆಲದಲ್ಲಿ ಏಳುನೂರು ವರ್ಷಕ್ಕೂ ಮಿಕ್ಕಿ ಇದೆ. ನನ್ನ ಕೆಲಸ ಶುರುವಾದದ್ದು 1759ರಲ್ಲಿ. ಸರ್ ನಥಾನಿಯಲ್ ಕರ್ಜನ್‌ಗೆ ಇದ್ದ ಮನೆ ಸಾಲದಾಯಿತು.

ಮನೆ ಕಟ್ಟಿ ನೋಡು ಅಂತಾರೆ ನಮ್ಮಲ್ಲಿ.

ನೋಡಿದರಲ್ಲ! ವಾಸ್ತುಶಿಲ್ಪಿ ಬ್ರೆಟಿಂಗ್‌ಹ್ಯಾಮ್ ಶುರು ಮಾಡಿದ, ಜೇಮ್ಸ್ ಪೇನ್ ಮುಂದುವರಿಸಿದ. ತೋಟಕ್ಕೆ ಸಣ್ಣಪುಟ್ಟ ಮಂಟಪ ಕಟ್ಟಲು ಕರೆಸಿದ ರಾಬರ್ಟ್ ಆಡಮ್ ಇಡೀ ಮನೆಯನ್ನೇ ಕೈಗೆ ತೆಗೆದುಕೊಂಡ. ಆಗಷ್ಟೇ ರೋಮ್ ನೋಡಿ ಬಂದಿದ್ದ. ಅದಕ್ಕೇ ನನ್ನ ಹಿಂಬದಿಗೆ ಕಾನ್‌ಸ್ಟಂಟೈನನ ಕಮಾನು, ಒಳಗೆ ಪ್ಯಾಂಥಿಯಾನ್ ಮಾದರಿಯ 62 ಅಡಿ ಎತ್ತರದ ಗುಮ್ಮಟ.

ಮುಂದೆ ಒಂದು ಊರಿತ್ತಂತಲ್ಲ?

ನೋಟಕ್ಕೆ ಅಡ್ಡ ಬರುತ್ತಿತ್ತು, ಎತ್ತಿ ಆಚೆಗಿಟ್ಟೆವು. ಚರ್ಚ್ ಉಳಿಸಿಕೊಂಡೆವು. ಅಲ್ಲಿ ಮಲಗಿರುವವರು ನಮ್ಮವರು.

ಈ ಮಾರ್ಬಲ್ ಹಾಲ್‌ನ ಕಂಬಗಳು...

ಇಪ್ಪತ್ತು. ಒಂದೊಂದೂ 25 ಅಡಿ. ಮುಟ್ಟಬೇಡಿ! ಅದು ಅಲಬಾಸ್ಟರ್, ಉಗುರು ತಾಗಿದರೂ ಗೀರು ಬೀಳುತ್ತದೆ. ಆ ಗುಲಾಬಿ ನರಗಳನ್ನು ದೂರದಿಂದ ನೋಡಿ, ಹಸಿ ಮಾಂಸದ ಹಾಗೆ ಕಾಣುತ್ತವೆ. ಬೆಳಕು ಮೇಲಿಂದ ಮಾತ್ರ. ಕಿಟಕಿ ಇಟ್ಟರೆ ಜನ ಕಂಬ ಬಿಟ್ಟು ಹೊರಗೆ ನೋಡುತ್ತಾರೆ.

ಮನೆಯವರು ಎಲ್ಲಿ ಮಲಗುತ್ತಿದ್ದರು?

ನನ್ನೊಳಗೆ ಮಲಗುವುದೇ? ತಾಳೆಮರದಾಕಾರದ ಚಿನ್ನದ ಕಂಬಗಳ ಮಂಚ ಇದೆ, ಅದು ನೋಡುವುದಕ್ಕೆ. ಮತ್ಸ್ಯಕನ್ಯೆಯರು ಹೊತ್ತ ಸೋಫಾ ಇದೆ, ಅದೂ ನೋಡುವುದಕ್ಕೆ. ಮನೆಯವರು ಪಕ್ಕದ ರೆಕ್ಕೆಯಲ್ಲಿ ಇದ್ದರು, ಇಂದಿಗೂ ಅಲ್ಲೇ. ಅಡುಗೆ ಇನ್ನೊಂದು ರೆಕ್ಕೆಯಲ್ಲಿ. ಬಾಗಿದ ಓಣಿ ದಾಟಿ ಸಾರು ಬರುವಷ್ಟರಲ್ಲಿ... ಬಿಡಿ, ಅತಿಥಿಗಳು ಊಟಕ್ಕೆ ಬಂದವರಲ್ಲ.

ಮೊದಲಿಂದಲೂ ಜನ ನೋಡಲು ಬರುತ್ತಿದ್ದರೇ?

ಬಾರದೆ? ಮನೆವಾರ್ತೆಯ ಮಿಸೆಸ್ ಗಾರ್ನೆಟ್ ಕೈಯಲ್ಲಿ ಪಟ್ಟಿ ಹಿಡಿದು ಒಂದೊಂದು ಚಿತ್ರವನ್ನೂ ವಿವರಿಸುತ್ತಿದ್ದಳು. ಆಕೆಯ ಚಿತ್ರವೂ ಇದೆ ನೋಡಿ. 1777ರಲ್ಲಿ ಡಾಕ್ಟರ್ ಜಾನ್ಸನ್ ಬಂದ. ಪುರಭವನಕ್ಕೆ ಲಾಯಕ್ಕು ಎಂದುಬಿಟ್ಟ. ನಿಘಂಟು ಬರೆದವನಿಗೆ ಬೇರೆ ಪದ ಸಿಗಲಿಲ್ಲ.

ಪುರಭವನವಲ್ಲ, ಕಲ್ಕತ್ತೆಯಲ್ಲಿ ಸರ್ಕಾರಿ ಭವನವೇ ಆಯಿತಲ್ಲ!

(ಗುಮ್ಮಟ ಗುಡುಗಿತು.) ಆ ಮಾತು ಬೇಡ. ನನ್ನ ನಕ್ಷೆಯಲ್ಲಿ ನಾಲ್ಕು ರೆಕ್ಕೆ ಇದ್ದವು, ಕಟ್ಟಿದ್ದು ಎರಡು. ಆ ಗವರ್ನರ್ ಜನರಲ್ ವೆಲ್ಲೆಸ್ಲಿ ನನ್ನನ್ನು ನಕಲು ಮಾಡಿ 1803ಕ್ಕೆ ಮುಗಿಸಿದ ಮನೆಗೆ ನಾಲ್ಕೂ ಇವೆ!

ಅದು ಶುರುವಾದ 1799ರಲ್ಲೇ ಅವರ ಸೈನ್ಯ ನಮ್ಮ ಶ್ರೀರಂಗಪಟ್ಟಣವನ್ನು ಮುಗಿಸಿತ್ತು. ಖರ್ಚಿಗೆ ಯೋಚನೆ ಇರಲಿಲ್ಲವೇನೋ.

ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಆ ಖರ್ಚಿಗೆ ಕೆಂಡವಾದರು. ಪಟ್ಟಣದ ವಿಷಯಕ್ಕೆ ಅಷ್ಟು ಸಿಟ್ಟಾದ ನೆನಪಿಲ್ಲ.

ನಿಮ್ಮ ಜಾರ್ಜ್ ಕರ್ಜನ್ ವೈಸ್‌ರಾಯ್ ಆಗಿ 1899ರಲ್ಲಿ ಅಲ್ಲಿಗೇ ಹೋದರು.

ಹುಟ್ಟಿದ್ದು ಅಸಲಿನಲ್ಲಿ, ಆಳಿದ್ದು ನಕಲಿನಲ್ಲಿ. 1905ರಲ್ಲಿ ಬಂಗಾಳವನ್ನು ಎರಡು ಮಾಡಿದ. ಅರ್ಧಕ್ಕೆ ನಿಂತ ಮನೆಯಲ್ಲಿ ಬೆಳೆದವನು, ಇಡೀ ಇರುವುದನ್ನು ಕಂಡರೆ ಆಗುತ್ತಿರಲಿಲ್ಲವೋ ಏನೋ.

ಕೆಳ ಅಂತಸ್ತಿನಲ್ಲಿ ನವಿಲುಗರಿ ಉಡುಪು ನೋಡಿದೆ.

ಗರಿಯಲ್ಲ, ಜರತಾರಿ. ಕಣ್ಣಿನಲ್ಲಿ ಹಸಿರು ಹೊಳೆಯುವುದು ಜೀರುಂಡೆಯ ರೆಕ್ಕೆ. 1903ರ ದೆಹಲಿ ದರ್ಬಾರಿಗೆ ಲೇಡಿ ಕರ್ಜನ್ ತೊಟ್ಟದ್ದು. ಕಸೂತಿ ದೆಹಲಿಯದು, ಹೊಲಿಗೆ ಪ್ಯಾರಿಸ್ಸಿನದು, ತೊಟ್ಟವರು ಅಮೆರಿಕದವರು, ಗಾಜಿನ ಪೆಟ್ಟಿಗೆ ನನ್ನದು. 1987ರಿಂದ ನಾನೇ ನ್ಯಾಷನಲ್ ಟ್ರಸ್ಟಿನವನು. ಸಾವಿನ ತೆರಿಗೆ ಕಟ್ಟಲು ಚಿನ್ನದ ಮತ್ಸ್ಯಕನ್ಯೆಯರು ಸಾಲಲಿಲ್ಲ.

ಪಕ್ಕದಲ್ಲಿರುವ ದಂತ, ಬೆಳ್ಳಿ, ಕತ್ತಿಗಳು? ಕೊಂಡದ್ದೆಷ್ಟು, ಕಾಣಿಕೆಯಾಗಿ ಬಂದದ್ದೆಷ್ಟು?

ನಿಮ್ಮ ಟಿಕೆಟ್‌ನಲ್ಲಿ ಆ ಪ್ರಶ್ನೆ ಸೇರಿಲ್ಲ.