ಮಿರಜದಾಗ ಇಳಿದ ಕಾಕಾ

ನಸುಕಿನ ನಾಲ್ಕು ಗಂಟೆಗೆ ಫೋನು ಬಡಕೊಂಡಿತು. ಗುರುತಿಲ್ಲದ ನಂಬರು. ಆ ಕಡೆಯಿಂದ ಗಡಸು ಮರಾಠಿ: “ತುಮಚೆ ವಡೀಲ ಇಥಂ ಬಸಲೇತ.” ನಿಮ್ಮ ತಂದೆ ಇಲ್ಲಿ ಕೂತಿದ್ದಾರೆ.

ನನ್ನ ತಂದೆ ತೀರಿಕೊಂಡು ಆಗ ಹನ್ನೊಂದು ವರ್ಷ. ಎಲ್ಲಿ ಕೂತಿದ್ದಾರೆ ಎಂದು ಕೇಳುವ ಧೈರ್ಯವೂ ಆಗಲಿಲ್ಲ. ಆತನೇ ಹೇಳಿದ: ಮಿರಜ ಸ್ಟೇಷನ್ನು, ನನ್ನ ಚಹಾ ಸ್ಟಾಲಿನ ಪಕ್ಕದ ಬೆಂಚು. ಆಮೇಲೆ ಕೇಳಿದ ದನಿ ಪರಲೋಕದ್ದಲ್ಲ, ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯದು.

“ಏ ತಮ್ಮಾ, ಗಾಡಿ ಹೋತು. ನನ್ನ ಫೋನು ನಿಮ್ಮ ಕಾಕು ಕಡೆ ಅದ. ಬೆಳಗಾವ್ಯಾಗ ಇಳಿ ಅಂತ ಆಕಿಗೆ ಹೇಳು. ಗಾಬರಿ ಆಗಬ್ಯಾಡ. ಚಹಾ ಛಲೋ ಅದ ಇಲ್ಲೆ.”

ಕಾಕುಗೆ ಫೋನ್ ಹಚ್ಚಿದೆ. ಏಳನೇ ಸಲಕ್ಕೆ ಎತ್ತಿದರು. ನಾನು ಏದುಸಿರು ಬಿಡುತ್ತ ವಿಷಯವನ್ನೆಲ್ಲ ಒದರಿದೆ. “ಬರ್ತಾರ ಬಿಡು,” ಎಂದರು ಕಾಕು ಆಕಳಿಸುತ್ತ. “ರೊಕ್ಕದ ಪಾಕೀಟ ನನ್ನ ಹತ್ರ ಅದ.” ಮತ್ತೆ ಮಲಗಿದರೆಂದು ಕಾಣುತ್ತದೆ. ನಾನು ಮಾತ್ರ ಮಲಗಲಿಲ್ಲ. ಚಹಾದವನ ಕ್ಯೂಆರ್‌ಗೆ ಇನ್ನೂರ ಇಪ್ಪತ್ತು ರೂಪಾಯಿ ಕಳಿಸಿದೆ. ಇನ್ನೂರು ಕಾಕಾ ತೆಗೆದುಕೊಂಡ ಕೈಗಡ, ಇಪ್ಪತ್ತು ಎರಡು ಚಹಾದ್ದು.

ಪುಣೆಯ ಕೋಥರೂಡಿನಲ್ಲೋ ಕರ್ವೆನಗರದಲ್ಲೋ ಯಾವ ಸೊಸೈಟಿಗೆ ಹೋದರೂ ಇಂಥ ಒಬ್ಬರು ಸಿಗುತ್ತಾರೆ. ಬ್ಯಾಂಕಿನಿಂದಲೋ ಸರಕಾರಿ ಕಚೇರಿಯಿಂದಲೋ ನಿವೃತ್ತಿ, ಪಿಂಚಣಿ, ಮಗ ಅಮೆರಿಕಾದಲ್ಲಿ, ಮಗಳು ಸಿಡ್ನಿಯಲ್ಲಿ. ಬೆಳಿಗ್ಗೆ ಪರ್ವತಿ ಗುಡ್ಡದ 103 ಮೆಟ್ಟಿಲು, ಸಂಜೆ ಮುಂದಿನ ಪ್ರವಾಸದ ಟೈಮ್‌ಟೇಬಲ್ಲು. ನಮ್ಮ ಕಾಕಾ ಧಾರವಾಡದ ಸಪ್ತಾಪುರದವರು, ಪುಣೆಗೆ ಬಂದು ನಲವತ್ತು ವರ್ಷವಾದರೂ ಭಾಷೆ ಸಪ್ತಾಪುರ ಬಿಟ್ಟು ಕದಲಿಲ್ಲ. ಗಣೇಶನಗರದ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಭಾಷಣ ಕೇಳಲು ಹೋಗುವವರಿರಬಹುದು. ಕಾಕಾ ಹೋಗುವುದು ಜೊತೆಗೆ ಬರುವವರು ಸಿಗುತ್ತಾರೋ ನೋಡಲಿಕ್ಕೆ. ಮರಾಠಿ ನೆರೆಯವರ ಎದುರು ಅವರ ಬತ್ತಳಿಕೆಯಲ್ಲಿ ಒಂದು ಬಾಣ ಸದಾ ಸಿದ್ಧ: ಜ್ಞಾನೇಶ್ವರರೇ ವಿಠ್ಠಲನನ್ನು ಕಾನಡಾ ಎಂದು ಕರೆದಿದ್ದಾರೆ, ಆದ್ದರಿಂದ ಪಂಢರಪುರ ನಮ್ಮ ತವರು.

ಇವರು ಬರೀ ತಿರುಗುವವರಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಸುರಕ್ಷಿತವಾಗಿ ತಿರುಗುವುದು ಹೇಗೆ ಎಂದು ಉಪದೇಶಿಸುವವರು. ಟೈಪು ಮಾಡಿಸಿದ ಒಂದು ಹಾಳೆಯಿದೆ, ಲ್ಯಾಮಿನೇಶನ್ ಆಗಿದೆ. ಗುಳಿಗೆಗಳನ್ನು ಎರಡು ಪಾಲು ಮಾಡಿ ಎರಡು ಬ್ಯಾಗಿನಲ್ಲಿಡಿ, ಪ್ರವಾಸದ ದಿನಗಳಿಗಿಂತ ನಾಲ್ಕು ದಿನದ್ದು ಹೆಚ್ಚಿರಲಿ. ಗುಳಿಗೆಯ ಕಂಪನಿ ಹೆಸರಲ್ಲ, ಮೂಲ ಔಷಧದ ಹೆಸರು ಬರೆದಿಡಿ. ಪಾಯಖಾನೆಗೆ ಅಂಜಿ ನೀರು ಬಿಡಬೇಡಿ, ವಯಸ್ಸಾದ ಮೇಲೆ ಬಾಯಾರಿದ್ದು ಗೊತ್ತಾಗುವುದಿಲ್ಲ. ನಾಲ್ಕನೇ ನಿಯಮ ದಪ್ಪಕ್ಷರದಲ್ಲಿದೆ: ನಡುವಿನ ಸ್ಟೇಷನ್ನಿನಲ್ಲಿ ಗಾಡಿಯಿಂದ ಇಳಿಯಬೇಡಿ.

ಮಿರಜದಿಂದ ಬಂದ ಮೇಲೆ ಆ ಹಾಳೆಯನ್ನು ಅವರ ಮುಂದೆ ಹಿಡಿದೆ. ಕಾಕಾ ಕನ್ನಡಕ ಏರಿಸಿ ನಾಲ್ಕನ್ನು ಓದಿದರು, ಬೆರಳನ್ನು ಏಳಕ್ಕೆ ಜಾರಿಸಿದರು. ನಾಲ್ಕು ತಾಸಿಗಿಂತ ಹೆಚ್ಚು ಹೊತ್ತು ಒಂದೇ ಕಡೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು, ಆಗಾಗ ಎದ್ದು ಓಡಾಡಿ. “ರಕ್ತ ಓಡ್ಯಾಡಬೇಕಲ್ಲಪಾ?” ಎಂದರು. ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುತ್ತಿದ್ದವರು, ಒಂದು ನಿಯಮವನ್ನು ಇನ್ನೊಂದರಿಂದ ಹೊಡೆಯುವ ವಿದ್ಯೆ ಅಲ್ಲಿಯದೇ.

ಅವರ ಲೆಕ್ಕಾಚಾರವೂ ಬ್ಯಾಂಕಿನದೇ. ರೈಲಿನಲ್ಲಿ ಹಿರಿಯ ಗಂಡಸರಿಗೆ ಇದ್ದ ಶೇಕಡಾ 40ರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತದ್ದನ್ನು ಹತ್ತಿರದ ಬಂಧುವಿನ ಸಾವಿನಂತೆ ನೆನೆಯುತ್ತಾರೆ. 2022ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಎಸ್.ಟಿ. ಬಸ್ಸು 75 ದಾಟಿದವರಿಗೆ ಪುಕ್ಕಟೆಯಾದಾಗ ಇವರಿಗೆ 74. ಮಗಳ ಮದುವೆಯನ್ನೂ ಅಷ್ಟು ಕಾತರದಿಂದ ಕಾದಿರಲಿಲ್ಲವಂತೆ. ಈಗ ಕಂಡಕ್ಟರ್ ಕೇಳುವ ಮುಂಚೆಯೇ ಆಧಾರ್ ಎತ್ತಿ ಹಿಡಿಯುತ್ತಾರೆ. ಕಾಕುಗೆ ಅರ್ಧ ಟಿಕೇಟು. ಕಾಗಲ್ ದಾಟಿ ನಿಪ್ಪಾಣಿ ಬಂತೆಂದರೆ ಇಬ್ಬರಿಗೂ ಪೂರ್ತಿ, ಯಾಕೆಂದರೆ ಮಹಾರಾಷ್ಟ್ರದ ರಿಯಾಯಿತಿ ಗಡಿಯವರೆಗೆ ಮಾತ್ರ, ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಕರ್ನಾಟಕದ ಶಕ್ತಿ ಯೋಜನೆಗೆ ಕಾಕುವಿನ ಪುಣೆಯ ಆಧಾರ್ ನಡೆಯುವುದಿಲ್ಲ. “ಹುಟ್ಟಿದ ಊರಿಗೆ ಹೋಗಲಿಕ್ಕೆ ಪೂರಾ ರೊಕ್ಕ, ಪರರ ಊರಾಗ ಅರ್ಧ,” ಎಂದು ಕಾಕು ಪ್ರತಿ ಸಲವೂ ನಿಪ್ಪಾಣಿಯಲ್ಲಿ ಸಿಟ್ಟಾಗುತ್ತಾರೆ.

ಕಾಕುವಿನ ಬಾಯಿಗೆ ಕಾಕಾ ಹೆದರುತ್ತಾರೆ. ಒಮ್ಮೆ ಎಲ್ಲೋ ಓದಿಕೊಂಡು ಬಂದರು: ಅಮೆರಿಕಾದ ಫ್ರೇಮಿಂಗ್ಹ್ಯಾಮ್ ಎಂಬ ಊರಿನಲ್ಲಿ 1948ರಿಂದ ಹೃದಯದ ಅಧ್ಯಯನ ನಡೆದಿದೆ, ಅಪರೂಪಕ್ಕೊಮ್ಮೆ ರಜೆ ಮೇಲೆ ಹೋಗುವ ಹೆಂಗಸರಲ್ಲಿ ಹೃದಯದ ಬೇನೆ ಹೆಚ್ಚು ಕಂಡಿತಂತೆ. ಸೊಸೈಟಿಯ ಕಟ್ಟೆಯ ಮೇಲೆ ಎಲ್ಲರಿಗೂ ವಿವರಿಸುತ್ತಿದ್ದರು. ಹಿಂದಿನಿಂದ ಕಾಕು, “ಹಂಗಾರ ಬ್ಯಾಂಕಿನ್ಯಾಗ ಇದ್ದಾಗ ನನ್ನ ಹಾರ್ಟಿಗೆ ಏನ್ ಮಾಡಿದ್ರಿ? ಒಂದು ದಿನ ರಜಾ ತಗೊಂಡಿದ್ರೇನು?” ಎಂದರು. ಆ ಅಧ್ಯಯನದ ಸುದ್ದಿ ಮತ್ತೆ ಬರಲಿಲ್ಲ. ಆದರೆ ಒಂದು ನಿಜ. ಮನೆಯಲ್ಲಿ ಟಿವಿ ಮುಂದೆ ಕೂತಾಗ ಮೊಣಕಾಲು, ಸಕ್ಕರೆ, ನಿದ್ದೆಯಿಲ್ಲ ಎಂದು ನರಳುವ ಇದೇ ಜೋಡಿ ನಾಲ್ಕು ದಿನ ಊರೂರು ಅಲೆದು ಬಂದರೆ ಆರು ವರ್ಷ ಸಣ್ಣವರಾಗಿ ಕಾಣುತ್ತಾರೆ. ನಾಲ್ಕು ದಿನ ಆಫೀಸಿಗೆ ಹೋಗಿ ಬಂದ ನಾನು ಆರು ವರ್ಷ ದೊಡ್ಡವನಾಗಿರುತ್ತೇನೆ.

ಅಷ್ಟವಿನಾಯಕಕ್ಕೆ ನನ್ನನ್ನೂ ಎಳೆದುಕೊಂಡು ಹೋದರು. ಜುನ್ನರದ ಹತ್ತಿರದ ಲೇಣ್ಯಾದ್ರಿ ಆ ಎಂಟರಲ್ಲಿ ಗುಡ್ಡದ ಮೇಲಿರುವ ಒಂದೇ ಗಣಪತಿ. ಬೌದ್ಧರು ಕೊರೆದ ಗುಹೆಯಲ್ಲಿ ಕೂತಿದ್ದಾನೆ, ಹೆಚ್ಚು ಕಡಿಮೆ 300 ಮೆಟ್ಟಿಲು. “ನೀ ಸಣ್ಣಾಂವ, ಇದನ್ನ ನೀ ಹಿಡಿ,” ಎಂದು ತಮ್ಮ ಆಪತ್ತಿನ ಚೀಲ ನನ್ನ ಹೆಗಲಿಗೆ ಹಾಕಿದರು. ಔಷಧ, ಸೀಟಿ, ಟಾರ್ಚು, ಬಿಡಿ ಕನ್ನಡಕ, ಓಆರ್‌ಎಸ್ ಪುಡಿ, ಗ್ಲೂಕೋಸ್ ಬಿಸ್ಕೀಟು. ಕಾಕಾ ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತು ಉಸಿರು ಎಣಿಸಿ ಏರಿದರು. ನಾನು ನಲವತ್ತೆಂಟರ ಠೀವಿಯಲ್ಲಿ ಒಂದೇ ಉಸಿರಿಗೆ ನೂರು ಏರಿ, ಕಣ್ಣು ಕತ್ತಲೆ ಬಂದು, ಕಟ್ಟೆಯ ಮೇಲೆ ಕುಸಿದೆ. ಆ ಗುಡ್ಡದ ಮಂಗಗಳಿಗೆ ನನ್ನಂಥವರೇ ಬೇಕು. ಒಂದು ಬಂದು ಕಿಸೆಯಿಂದ ಕರವಸ್ತ್ರ ತೆಗೆದಷ್ಟೇ ಸಹಜವಾಗಿ ಚೀಲ ತೆಗೆದುಕೊಂಡು ಹೋಯಿತು. ಬಂಡೆಯ ಮೇಲೆ ಕೂತು ಜಿಪ್ಪು ಎಳೆಯಿತು. ಬಿಸ್ಕೀಟು ತಿಂದಿತು, ಓಆರ್‌ಎಸ್ ಮೂಸಿ ಒಗೆಯಿತು, ಬಿಪಿ ಗುಳಿಗೆಯ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ ಕಣಿವೆಗೆ ಬಿಟ್ಟಿತು. ಕೆಳಗಿನಿಂದ ನಿಧಾನವಾಗಿ ಏರಿ ಬಂದ ಕಾಕಾ ನನ್ನ ಮುಖ ನೋಡಿದರು, ಮಂಗನ ಮುಖ ನೋಡಿದರು. ಬೈಯುತ್ತಾರೆಂದು ಕಾದೆ. “ಕಾಕು ಬ್ಯಾಗಿನ್ಯಾಗ ಎರಡನೇ ಪಾಲು ಅದ,” ಎಂದರು. “ನಿನಗ ಗ್ಲೂಕೋಸ್ ಬೇಕೇನು?”

ಕೇದಾರಕ್ಕೂ ಹೋಗಿದ್ದರು. ಹೋಗುವ ಮುಂಚೆ ಇಸಿಜಿ, ಗುಪ್ತಕಾಶಿಯಲ್ಲಿ ಎರಡು ರಾತ್ರಿ ಮುಕ್ಕಾಂ. ಗುಡಿ ಇರುವುದು 3,583 ಮೀಟರ್ ಎತ್ತರದಲ್ಲಿ, ಮೈ ಒಗ್ಗಬೇಕು. ಗೌರೀಕುಂಡದಿಂದ ನಡೆಯಲು ಶುರುಮಾಡಿ ಒಂದೆರಡು ತಾಸಿನಲ್ಲಿ ತಲೆ ಭಾರವಾಯಿತು. ಉಳಿದವರೆಲ್ಲ ಇಷ್ಟು ದೂರ ಬಂದು ಹಿಂದಿರುಗುವುದೇ ಎಂದರೂ ಕಾಕಾ ಇಳಿದೇಬಿಟ್ಟರು. “ಶಿವ ಅಲ್ಲೇ ಇರ್ತಾನ, ನಾನೂ ಇರಬೇಕಲ್ಲ?” ಪಂಢರಪುರಕ್ಕೆ ನಡೆದು ಹೋಗುವ ವಾರಿಯಲ್ಲೂ ಹಾಗೆಯೇ. ಪಾಲಖಿಗಳು ಪುಣೆ ಬಿಟ್ಟ ದಿನ ಹಡಪಸರದವರೆಗೆ ನಡೆಯುತ್ತಾರೆ, ಅಲ್ಲಿಂದ ವಾರಕರಿಗಳು ಪಂಢರಪುರದ ಕಡೆ, ಇವರು ಬಸ್ಸಿನಲ್ಲಿ ಮನೆ ಕಡೆ.

ನನ್ನ ತಂದೆ ಕೊನೆಯ ನಾಲ್ಕು ವರ್ಷ ಪುಣೆಯಲ್ಲಿ ನನ್ನ ಬಳಿಯೇ ಇದ್ದರು. ಒಮ್ಮೆ ಪಂಢರಪುರ ನೋಡಬೇಕೆನ್ನುತ್ತಿದ್ದರು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ಊರು. ಗದ್ದಲ ಇರ್ತದ, ಬಿಸಿಲು, ನಿಮ್ಮ ಬಿಪಿ, ಈ ವಯಸ್ಸಿನಾಗ ಯಾಕ ಎನ್ನುತ್ತಿದ್ದೆ. ಕಾಳಜಿಯೇ ಅದು, ಸುಳ್ಳಲ್ಲ. ರಜೆ ಹಾಕಲು ಮನಸ್ಸಿರಲಿಲ್ಲ ಎನ್ನುವುದೂ ಸುಳ್ಳಲ್ಲ. ಅವರ ಹತ್ತಿರ ಲ್ಯಾಮಿನೇಟ್ ಮಾಡಿದ ಹಾಳೆ ಇರಲಿಲ್ಲ, ನನ್ನನ್ನು ಕೇಳಿ ಸುಮ್ಮನಾಗುತ್ತಿದ್ದರು. ಕಾಕಾ ಯಾರನ್ನೂ ಕೇಳುವುದಿಲ್ಲ.

ನನ್ನ ನಂಬರನ್ನೂ ಕೇಳಿ ಹಾಕಿಕೊಳ್ಳಲಿಲ್ಲ. ಅಂಗಿ ಕಿಸೆಯ ಚೀಟಿಯಲ್ಲಿ ಮೂರು ಭಾಷೆಯಲ್ಲಿ ಹೆಸರು, ರಕ್ತದ ಗುಂಪು, ಕಾಯಿಲೆ, ‘ತುರ್ತಿಗೆ’ ಎಂದು ನನ್ನ ನಂಬರು, ಪಕ್ಕದಲ್ಲಿ ‘ಮಗ’. ಇದೇನು ಕಾಕಾ ಎಂದರೆ, “ಕ್ಯಾಲಿಫೋರ್ನಿಯಾಕ್ಕ ಫೋನ್ ಹಚ್ಚಿದ್ರ ಅಂವ ಏನ್ ಹಾರಿ ಬರ್ತಾನ? ನೀ ಮ್ಯಾಲಿನ ಮಹಡಿಯಾಗ ಇದ್ದಿ. ನೆರೆಯಾಂವ ಅಂತ ಬರದ್ರ ಯಾರೂ ಹಚ್ಚಂಗಿಲ್ಲ,” ಎಂದರು. ಹೀಗಾಗಿ ಜೇಜುರಿಯ ಭಂಡಾರದ ಅಂಗಡಿಯಿಂದ, ಪಂಢರಪುರದ ಚಪ್ಪಲಿ ಕಾಯುವವನಿಂದ, ಮರೆತ ಛತ್ರಿ ಹಿಡಿದ ಕಂಡಕ್ಟರನಿಂದ ನನಗೆ ಕರೆ ಬರುತ್ತಲೇ ಇರುತ್ತದೆ. ಮೊದಲು ಮಗನಲ್ಲ ಎಂದು ತಿದ್ದುತ್ತಿದ್ದೆ. ಅದಕ್ಕೆ ಬಹಳ ಹೊತ್ತು ಹಿಡಿಯುತ್ತದೆ, ಬಿಟ್ಟಿದ್ದೇನೆ.

ಬರುವ ತಿಂಗಳು ಧಾರವಾಡಕ್ಕೆ ನನ್ನನ್ನೂ ಕರೆದಿದ್ದಾರೆ. ಒಂದೇ ಟಿಕೇಟಿನಲ್ಲಿ ಸೇರಿಸಿಕೊಳ್ಳಲಿಲ್ಲ. ಹಿರಿಯರಿಬ್ಬರೇ ಇದ್ದರೆ ಕೆಳಗಿನ ಬರ್ತಿನ ಕೋಟಾ, ಚಿಕ್ಕವರು ಸೇರಿದರೆ ಹೋಯಿತು. ಆದ್ದರಿಂದ ಅವರು ಎಸ್-4, ನಾನು ಎಸ್-7, ಮೇಲಿನ ಬರ್ತು. ರಾತ್ರಿ ಮಿರಜದಲ್ಲಿ ಗಾಡಿ ಹೊರಟ ಮೇಲೂ ಚಹಾ ಸ್ಟಾಲಿನ ಪಕ್ಕ ಕಿವಿಗೆ ಮಫ್ಲರ್ ಸುತ್ತಿದ ಹಿರಿಯರೊಬ್ಬರು ಕೂತದ್ದು ಕಂಡರೆ ದಯವಿಟ್ಟು ನನಗೆ ಫೋನ್ ಮಾಡಬೇಡಿ, ನಾನೂ ಅದೇ ಬೆಂಚಿನ ಮೇಲೆ ಇರುತ್ತೇನೆ. ಎಸ್-4ರಲ್ಲಿರುವ ಕಾಕುಗೆ ಮಾಡಿ. ರೊಕ್ಕದ ಪಾಕೀಟು ಅವರ ಹತ್ತಿರ ಇದೆ.